ನೀರಲ್ಲಿ ತಲೆಕೆಳಗಾಗಿ ನಿಂತ ಚಿಮಣಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಜಿಪ್ಪಕ್ಕ ಎಂದೇ. ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ. ಕಿತ್ತುಹೋದ ಜಿಪ್ಪು ಬದಲಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಬಿಗಿಯಾದ ಸೊಂಟ ಬಿಡಿಸಿಕೊಡುವುದು, ಇಷ್ಟೇ. ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ. ಗಿರಾಕಿ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದು ಅವಳಿಗೆ ಗೊತ್ತಿದ್ದರೂ ಒಬ್ಬರ ಸೊಂಟದ ಸುದ್ದಿ ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. "ಜಿಪ್ಪಕ್ಕನ ಬಾಯಿಗೂ ಜಿಪ್ಪೇ" ಎಂದು ಬೀದಿಯವರು ನಗುತ್ತಿದ್ದರು.

ತಂಗಿ ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ಇವಳಿಗೆ ಕೊಟ್ಟಳು. ಅಂದಿನಿಂದ ರಜೆಯ ದಿನ ಊರಾಚೆಯ ಕಾಲುವೆ ಏರಿಯ ಮೇಲೆ ನಡೆಯುವ ಹುಚ್ಚು ಹತ್ತಿತು. ಬಸವನಹುಳು, ಇಬ್ಬನಿ ಹಿಡಿದ ಜೇಡರ ಬಲೆ, ಒಂಟಿಕಾಲಲ್ಲಿ ನಿಂತ ಬಕ, ಕಂಡದ್ದನ್ನೆಲ್ಲ ಹಿಡಿದು ಫೋನಿನಲ್ಲಿದ್ದ ನಡಿಗೆ ಹವ್ಯಾಸಿಗಳ ಗುಂಪಿಗೆ ಹಾಕುತ್ತಿದ್ದಳು. ಅರ್ಧಕ್ಕರ್ಧ ಚಿತ್ರಗಳಲ್ಲಿ ಹಕ್ಕಿ ಹಾರಿಹೋಗಿ ಬರೀ ಕೊಂಬೆ ಉಳಿದಿರುತ್ತಿತ್ತು. ಬಸ್ ಓಡಿಸುವ ಗಂಡ ಕೆಣಕುತ್ತಿದ್ದ: "ಕಾಡುಪ್ರಾಣಿದೆಲ್ಲ ಫೋಟೋ ತೆಗೀತೀಯ. ಮನೇಲೊಂದು ಸಾಕುಪ್ರಾಣಿ ಇದೆ, ಅದರದ್ದೂ ಒಂದು ತೆಗಿ." ಗುಂಪಿನಲ್ಲಿ ನಾಲ್ಕೈದು ಜನ ಚೆನ್ನಾಗಿದೆ ಅನ್ನುತ್ತಿದ್ದರು. ತನಗೆ ಅಷ್ಟೇ ಸಾಕು ಎಂದುಕೊಂಡಿದ್ದಳು.

ಕಾಲುವೆಯ ಗೇಟು ಏರಿಸಿ ಇಳಿಸಿ ನೀರು ಬಿಡುವ ಮುದುಕನೊಬ್ಬನಿದ್ದ. ವಾರವಾರವೂ ಕಂಡು ಸಲುಗೆ ಬೆಳೆದಿತ್ತು. ಒಂದು ಬೆಳಗ್ಗೆ ಅವನು ಸನ್ನೆ ಮಾಡಿ ಕರೆದ.

"ಬಾ ಮಗಳೆ, ಒಂದು ತೋರಿಸ್ತೀನಿ. ಸದ್ದು ಮಾಡ್ಬೇಡ."

ಆಚೆ ದಡದ ದೊಡ್ಡ ಮರದ ಬೇರುಗಳ ನಡುವೆ ಒಂದು ಪೊಟರೆ. ಅದರ ಬಾಯಲ್ಲಿ ನೀರುನಾಯಿ, ಸುತ್ತ ಉರುಳಾಡುವ ಮರಿಗಳು. ತಾಯಿ ಒಂದು ಮರಿಯ ಕುತ್ತಿಗೆ ಕಚ್ಚಿಕೊಂಡು ನೀರಿಗಿಳಿಯಿತು. ಜಿಪ್ಪಕ್ಕ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದಳು.

"ನನ್ನ ಮಗಳು, ಅಳಿಯ ಬಿಟ್ರೆ ನಿನಗೇ ತೋರಿಸಿರೋದು," ಅಂದ ಮುದುಕ. "ಯಾರಿಗೂ ಹೇಳ್ಬೇಡ. ಜನ ಬಂದ್ರೆ ಇವು ಉಳಿಯಲ್ಲ."

"ಅಯ್ಯೋ, ನನ್ನ ಬಾಯಿ ಗೊತ್ತಿಲ್ವಾ ನಿಮಗೆ?"

ಮನೆಗೆ ಬಂದು ನೋಡಿದರೆ ಜನ್ಮದಲ್ಲಿ ಅಂಥ ಚಿತ್ರ ತೆಗೆದಿರಲಿಲ್ಲ. ಎಳೆಬಿಸಿಲಿಗೆ ನೀರು ಬಂಗಾರವಾಗಿತ್ತು, ಮರಿಯ ಮೀಸೆಯ ಕೂದಲೂ ಎಣಿಸುವಂತಿತ್ತು. ಮೂಲೆಯಲ್ಲಿ ಹಾಳುಬಿದ್ದ ಇಟ್ಟಿಗೆ ಭಟ್ಟಿಯ ಚಿಮಣಿ ಕಾಣುತ್ತಿತ್ತು; ಅದನ್ನು ಕತ್ತರಿಸಿದಳು. ನೀರಿನಲ್ಲಿ ಅದರ ಪ್ರತಿಬಿಂಬ ತಲೆಕೆಳಗಾಗಿ ನಿಂತಿತ್ತು. ಅದನ್ನೂ ಕತ್ತರಿಸಿದರೆ ಬಂಗಾರದ ನೀರೆಲ್ಲ ಹೋಗುತ್ತಿತ್ತು. ಬೆರಳು ಸ್ವಲ್ಪ ಹೊತ್ತು ತಡವರಿಸಿತು. ಯಾರು ಅಷ್ಟು ನೋಡ್ತಾರೆ ಎಂದುಕೊಂಡು ಹಾಗೇ ಗುಂಪಿಗೆ ಹಾಕಿದಳು. ತಾನು ಹೇಳಿಲ್ಲವಲ್ಲ, ತೋರಿಸಿದ್ದು ಅಷ್ಟೇ.

ಮೆಚ್ಚುಗೆ ಮಳೆಯಾಗಿ ಸುರಿಯಿತು. ಕಂಡು ಕೇಳರಿಯದವರೆಲ್ಲ ಹೊಗಳಿದರು. ಸಾಲುಸಾಲು ಮಾತಿನ ನಡುವೆ ಯಾರೋ ಬರೆದಿದ್ದರು: "ಚಿತ್ರ ತಿರುಗಿಸಿ ನೋಡಿ. ಹಳೇ ಇಟ್ಟಿಗೆ ಭಟ್ಟಿ ಚಿಮಣಿ. ಜಾಗ ಸಿಕ್ತು!" ಜಿಪ್ಪಕ್ಕ ಅದನ್ನು ಎರಡು ಸಲ ಓದಿದಳು. ಆಗಲೇ ತೆಗೆದುಹಾಕಬಹುದಿತ್ತು. ಹೊಗಳಿಕೆ ಇನ್ನೂ ಬರುತ್ತಿತ್ತು. ಸಂಜೆವರೆಗೆ ಇರಲಿ ಅಂದುಕೊಂಡಳು. ಸಂಜೆಯೂ ತೆಗೆಯಲಿಲ್ಲ.

ಆ ವಾರದ ಕೊನೆಗೆ ಕಾಲುವೆ ಏರಿಯ ಮೇಲೆ ಕಾರುಗಳು ಸಾಲಾಗಿ ನಿಂತವು. ಕೆಲವರು ಮೀನು ಎಸೆದರು. ಹೊರಗೆ ಬರಲಿ ಎಂದು ಒಬ್ಬ ಪೊಟರೆಯೊಳಗೆ ಕೋಲು ಆಡಿಸಿದ. ಮುದುಕ ಕೂಗಿ ಕೂಗಿ ಗಂಟಲು ಹರಿದುಕೊಂಡ. ಮಾರನೆಯ ದಿನ ಗೇಟಿನ ಜಾಲರಿಗೆ ಒಂದು ಮರಿ ಸತ್ತು ಸಿಕ್ಕಿಕೊಂಡಿತ್ತು. ತಾಯಿ, ಉಳಿದ ಮರಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ.

ಸುದ್ದಿ ಗುಂಪಿಗೂ ಬಂತು. ಜಿಪ್ಪಕ್ಕ ಚಿತ್ರವನ್ನು ಅಳಿಸಿದಳು. ಕೈ ತೊಳೆದುಕೊಂಡಂತೆ ಅನಿಸಲಿಲ್ಲ. ಕದ್ದ ಮಾಲು ಬಚ್ಚಿಟ್ಟಂತೆ ಅನಿಸಿತು. "ನೀನಲ್ಲದಿದ್ರೆ ಇನ್ನೊಬ್ಬರು ತೋರಿಸ್ತಿದ್ರು ಬಿಡು," ಎಂದ ಗಂಡ. ಇನ್ನೊಬ್ಬರು ಯಾರೂ ತೋರಿಸಿರಲಿಲ್ಲ. ಕಾಲುವೆಯ ಕಡೆ ಹೋಗುವುದನ್ನೇ ಬಿಟ್ಟಳು.

ಮುದುಕನ ಮಗಳು ಅವಳ ಹಳೆಯ ಗಿರಾಕಿ. ಒಂದು ಮಧ್ಯಾಹ್ನ ಗಂಡನ ಜಾಕೆಟ್ಟು ಹಿಡಿದು ಬಂದಳು. ಜಿಪ್ಪಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಹಳೆಯ ಜಿಪ್ಪು ಬಿಚ್ಚತೊಡಗಿದಳು.

"ಅಪ್ಪ ನಮ್ಮೆಜಮಾನ್ರ ಮುಖ ನೋಡಲ್ಲ ಅಂತಿದ್ದಾರೆ ಅಕ್ಕ," ಅಂದಳು ಮಗಳು. "ನೀರುನಾಯಿ ವಿಷಯ ಊರಿಗೆಲ್ಲ ಹೇಳಿದ್ದು ಇವರೇ ಅಂತೆ. ಇವರು ಲಾರಿ ಓಡಿಸೋರು, ಹೋದಲ್ಲೆಲ್ಲ ಹರಟೆ ಹೊಡೀತಾರೆ, ನಿಜ. ಆದ್ರೆ ಇದನ್ನ ಹೇಳಿಲ್ಲ ಅಂತ ಅಳ್ತಾರೆ ಅಕ್ಕ. ಗಂಡಸು, ಅಳ್ತಾರೆ!"

ಸೂಜಿಗಳು ಬಾಯಲ್ಲಿದ್ದವು. ತೆಗೆದಿಡಲು ಒಂದು ಗಳಿಗೆ ಸಾಕಿತ್ತು. ಜಿಪ್ಪಕ್ಕ ತೆಗೆಯಲಿಲ್ಲ. "ಹ್ಞೂಂ" ಎಂದು ತಲೆಯಾಡಿಸಿದಳು. ಮಗಳು ಕಣ್ಣೊರೆಸಿಕೊಂಡು ಹೋದಳು.

ಮರಿ ಸತ್ತದ್ದು ಒಂದು ನೋವು. ತನ್ನ ತಪ್ಪು ಇನ್ನೊಬ್ಬನ ಬೆನ್ನ ಮೇಲೆ ಕೂತಿರುವುದು ನೋವಿನ ಜಾತಿಯೇ ಅಲ್ಲ, ಅದು ನಾಚಿಕೆ. ರಜೆಯ ದಿನ ಜಿಪ್ಪಕ್ಕ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಕಾಲುವೆಗೆ ಹೋದಳು.

ಮುದುಕ ಗೇಟಿನ ತಿರುಪಿಗೆ ಗ್ರೀಸ್ ಹಚ್ಚುತ್ತಿದ್ದ. "ಏನಮ್ಮ, ಕಾಣ್ಲೇ ಇಲ್ಲ ಇಷ್ಟು ದಿನ?"

"ನಿಮ್ಮ ಅಳಿಯ ಹೇಳಿಲ್ಲ," ಅಂದಳು. "ನಾನು. ಫೋಟೋ ಹಾಕಿದ್ದು ನಾನು."

ಅವನ ಕೈ ನಿಂತಿತು. "ನೀನಾ?"

"ನೀರಲ್ಲಿ ಭಟ್ಟಿ ಚಿಮಣಿ ನೆರಳು ಬಿದ್ದಿತ್ತು. ಅದರಿಂದ ಜಾಗ ಗೊತ್ತಾಯ್ತು."

"ಗೊತ್ತಾಗದೆ ಹಾಕ್ಬಿಟ್ಯಾ?"

ಆ ಪ್ರಶ್ನೆಯಲ್ಲಿ ಅವಳಿಗೊಂದು ಬಾಗಿಲು ತೆರೆದಿತ್ತು. ಹೂಂ ಅಂದರೆ ಸಾಕಿತ್ತು.

"ಇಲ್ಲ. ನೋಡಿದ್ದೆ. ನೋಡಿಯೇ ಹಾಕಿದೆ."

ಮುದುಕ ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಬೈಯುತ್ತಾನೆ ಎಂದು ಕಾದಳು. ಬೈಯಲಿಲ್ಲ.

"ಉಣ್ತಾ ಕೂತಿದ್ದ ಅಳಿಯ," ಅಂದ. "ಮುಂದಿದ್ದ ತಟ್ಟೆ ಎಳ್ಕೊಂಡೆ ನಾನು. ಮಗಳ ಎದುರಿಗೇ. ಎದ್ದು ಹೋಗು ಅಂದೆ. ನೀನೇನೋ ಹೇಳಿ ಹಗುರ ಆದೆ. ನಾನೀಗ ಏನು ಮಾಡ್ಲಿ?"

"ನಾನೂ ಬರ್ತೀನಿ. ನಾನೇ ಹೇಳ್ತೀನಿ ಅವರಿಗೆ."

"ಬೇಡ. ತಟ್ಟೆ ಎಳೆದಿದ್ದು ನೀನಲ್ಲ."

ಹಗುರವೇನೂ ಆಗಿರಲಿಲ್ಲ ಅವಳಿಗೆ. ಗುಂಪಿನಲ್ಲೂ ಇದ್ದದ್ದನ್ನು ಇದ್ದಂತೆ ಬರೆದಳು. ಕೆಲವರು ಸಮಾಧಾನ ಹೇಳಿದರು. ಒಬ್ಬರು ಮಾತ್ರ, ಈಗಲೂ ಅಲ್ಲಿ ಹೋದರೆ ಕಾಣಬಹುದೇ ಎಂದು ಕೇಳಿದರು. ಗುಂಪಿನಿಂದ ಹೊರಬಂದಳು.

ಮುದುಕ ಅಳಿಯನ ಮನೆಗೆ ತಾನಾಗಿ ಹೋದನಂತೆ. ಬಾಗಿಲಲ್ಲೇ ನಿಂತು ತಪ್ಪಾಯ್ತು ಅಂದನಂತೆ. ಹೇಳಿದವಳು ಮಗಳು, ಅಂಗಡಿಯ ಒಳಗೆ ಬಾರದೆ ಹೊರಗೇ ನಿಂತು. "ಸರಿ ಹೋಯ್ತು ಅಕ್ಕ. ಆದ್ರೆ ಇವರು ಅಪ್ಪನ ಮುಂದೆ ಮೊದಲಿನ ಹಾಗೆ ಮಾತಾಡಲ್ಲ. ನೀವು ಆವತ್ತು ನನ್ನ ಎದುರಿಗೇ ಕೂತು ಎಲ್ಲ ಕೇಳಿಸ್ಕೊಂಡ್ರಲ್ಲ..." ಮಾತು ಮುಗಿಸದೆ ಹೋದಳು. ಆಮೇಲೆ ಅವಳ ಮನೆಯ ಬಟ್ಟೆ ಈ ಅಂಗಡಿಗೆ ಬರಲಿಲ್ಲ.

ಜಿಪ್ಪಕ್ಕ ಮತ್ತೆ ಕಾಲುವೆಗೆ ಹೋಗತೊಡಗಿದಳು. ಜಾಲರಿಗೆ ಸಿಕ್ಕಿದ ಪ್ಲಾಸ್ಟಿಕ್ಕು, ಮೀನು ಹಿಡಿಯುವವರು ಬಿಟ್ಟ ನೈಲಾನ್ ದಾರ ಕಿತ್ತು ಗೋಣಿಗೆ ತುಂಬುವಳು. ಮುದುಕ ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಏರಿ ಹತ್ತಿದಾಗ ಮಾವ ಅಳಿಯ ಇಬ್ಬರೂ ಗೇಟಿನ ಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಅಳಿಯ ಕಾಲುವೆಯ ಮೇಲ್ಗಡೆಯ ತಿರುವಿನತ್ತ ಕೈ ತೋರಿಸಿ ಏನೋ ಪಿಸುಗುಡುತ್ತಿದ್ದ, ಮುದುಕನ ಮುಖ ಅರಳಿತ್ತು. ಅವಳನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು.

ಮೇಲ್ಗಡೆ ಏನೋ ಮರಳಿ ಬಂದಿದೆ. ಅಷ್ಟು ಗೊತ್ತಾಯಿತು ಅವಳಿಗೆ. ಏನು ಎಂದು ಕೇಳಲಿಲ್ಲ. ಗೋಣಿ ಹೆಗಲಿಗೇರಿಸಿ ಕೆಳಗಡೆಯ ದಾರಿ ಹಿಡಿದಳು.