ಇಳಿಯದ ಸೀಟು

ಅತ್ತಿಗೆ ಮಗಳ ಬಾಣಂತನಕ್ಕೆ ಹೋದಳು. ಅಣ್ಣನಿಗೆ ಅಡುಗೆ ಮಾಡಿಹಾಕಲು ನಾನು ಪಾರ್ವತಿನಗರದ ಮನೆಗೆ ಬೀಗ ಹಾಕಿ ಬಳ್ಳಾರಿಯಿಂದ ಕುರುಗೋಡಿಗೆ ಬಂದೆ. ಒಂದು ತಿಂಗಳು ಅಂತ ಬಂದವಳಿಗೆ ನಾಲ್ಕನೇ ದಿನಕ್ಕೇ ಸಾಕಾಗಿತ್ತು. ಸೊಂಟದ ಮೂಳೆ ಮುರಿದು ಪ್ಲೇಟು ಹಾಕಿಸಿಕೊಂಡ ಅಣ್ಣ ನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದ. ಹೊಲಕ್ಕೆ ಹೋಗಲಾಗದ ಗಂಡಸು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಏನಾಗುತ್ತದೆ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದ್ದಳು, ನಾನು ನಂಬಿರಲಿಲ್ಲ. ರೊಟ್ಟಿ ದಪ್ಪ, ಪಲ್ಯಕ್ಕೆ ಎಣ್ಣೆ ಹೆಚ್ಚು, ಈ ವಯಸ್ಸಿನಲ್ಲಿ ಚೂಡಿದಾರ ಯಾಕೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ರಿಟೈರಾದವಳಿಗೆ ದಿನಾ ಪಾಠ.

ಅವನಿಗೆ ಬೇಕಾಗಿದ್ದದ್ದು ಒಂದೇ. ಬೆಳಿಗ್ಗೆ ಎದ್ದು ತನ್ನ ಸೈಕಲ್ ಹತ್ತಿ ಮೆಣಸಿನಕಾಯಿ ಹೊಲದವರೆಗೆ ಹೋಗಿಬರಬೇಕು. ಡಾಕ್ಟರು ಬೇಡ ಅನ್ನಲಿಲ್ಲ. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು, ಬಿದ್ದರೆ ಮತ್ತೆ ಆಪರೇಷನ್, ಅಂದಿದ್ದರು. ಅಂದರೆ ಸೀಟು ನಾಲ್ಕು ಬೆರಳು ಇಳಿಯಬೇಕು. ಅದು ಇಳಿಯುವ ಸೀಟಲ್ಲ, ನಾನು ಎಂಟನೇ ತರಗತಿಯಲ್ಲಿದ್ದಾಗಿನಿಂದ ಅಲುಗಿಲ್ಲ. ಬೇರೆ ಸೈಕಲ್ ತರೋಣ ಅಂದರೆ ಕೇಳಲೊಲ್ಲ. ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಆ ಸೈಕಲ್ಲಿನ ರುಚಿ ನನಗೂ ಗೊತ್ತಿತ್ತು. ಆಗ ನಾವು ಸಿರುಗುಪ್ಪದಲ್ಲಿದ್ದೆವು, ಮನೆ ಕಾಲುವೆ ಹತ್ತಿರ. ಮಧ್ಯಾಹ್ನ ಅಣ್ಣ ಉಂಡು ಮಲಗಿದ ಕೂಡಲೇ ಪಾನಾ ಹಚ್ಚಿ ನಟ್ಟು ಸಡಿಲಿಸಿ, ಸೀಟು ಇಳಿಸಿ, ಗದ್ದೆ ಬದಿಯ ದಾರಿಯಲ್ಲಿ ಎರಡು ಸುತ್ತು ಹೊಡೆದು ಬರುತ್ತಿದ್ದೆ. ಮತ್ತೆ ಏರಿಸಿಡುವುದು ಮರೆಯುತ್ತಿತ್ತು. ನಿಜ ಹೇಳಬೇಕೆಂದರೆ ಮರೆವಲ್ಲ, ಸೋಮಾರಿತನ. ಒಂದು ದಿನ ನಟ್ಟು ಪೂರ್ತಿ ಬಿಚ್ಚಿದರೂ ಸೀಟಿನ ಪೈಪು ಇಳಿಯಲಿಲ್ಲ. ತುಕ್ಕು ಹಿಡಿದಿದೆ ಅಂದ ಅಣ್ಣ. ನೀರಿನ ಊರು, ನಂಬಿದೆ. ಏರಿಸಿದ ಸೀಟಿನಿಂದ ನನ್ನ ಕಾಲು ಪೆಡಲಿಗೆ ಸಿಗುತ್ತಿರಲಿಲ್ಲ. ಅಲ್ಲಿಗೆ ನನ್ನ ಸವಾರಿ ಮುಗಿಯಿತು. ಹೈಸ್ಕೂಲಿಗೆ ನಡೆದೆ, ಆಮೇಲೆ ಜೀವನವೆಲ್ಲ ಬಸ್ಸು.

ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ವಯಸ್ಸಾದ ಸೈಕಲ್ ಮೇಸ್ತ್ರಿ ಇದ್ದಾನೆ. ಆಟೋದ ಹಿಂದೆ ಸೈಕಲ್ ಕಟ್ಟಿ, ಅಣ್ಣನನ್ನೂ ಕೂರಿಸಿಕೊಂಡು ಹೋದೆ. ಮೇಸ್ತ್ರಿ ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿ ಪೈಪಿನ ಸುತ್ತ ಬಿಟ್ಟ, ಎರಡು ದಿನ ನೆನೆಯಲಿ ಅಂದ. ಮೂರನೇ ದಿನ ಹೋದಾಗ ಸೀಟು ಕಳಚಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಮೇಜಿಗೆ ಜಡಿದ ಕಬ್ಬಿಣದ ವೈಸಿನ ದವಡೆಯಲ್ಲಿ ಪೈಪಿನ ತುದಿ ಬಿಗಿದ. ಪೈಪು ತಿರುಗಿಸಲಾಗದಿದ್ದರೆ ಇಡೀ ಸೈಕಲ್ಲನ್ನೇ ತಿರುಗಿಸುವುದು. ಉಪಾಯ ನನಗೆ ಬಹಳ ಹಿಡಿಸಿತು. ನಾನೂ ಹ್ಯಾಂಡಲ್ ಹಿಡಿದು ನೂಕಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಮೇಸ್ತ್ರಿ ಕೈ ಒರೆಸಿಕೊಂಡು, ಇದು ತುಕ್ಕಲ್ಲ, ತುಕ್ಕಾಗಿದ್ದರೆ ಇಷ್ಟೊತ್ತಿಗೆ ಬಿಡುತ್ತಿತ್ತು ಅಂದ. ಇನ್ನು ಪೈಪು ಕೊಯ್ದೇ ತೆಗೆಯಬೇಕು, ಫ್ರೇಮು ಸೀಳಿದರೆ ಸೈಕಲ್ ಹೋದ ಹಾಗೆ ಅಂತಲೂ ಹೇಳಿದ. ಅಣ್ಣ ಸ್ಟೂಲಿನ ಮೇಲೆ ಕೂತು ತನ್ನ ಊರುಗೋಲಿನ ತುದಿ ನೋಡುತ್ತಿದ್ದ. ಎರಡು ದಿನದಿಂದ ಅವನು ರೊಟ್ಟಿಗೂ ಹೆಸರಿಟ್ಟಿರಲಿಲ್ಲ. ಸೈಕಲ್ಲಿನ ಚಿಂತೆ ಅಂದುಕೊಂಡಿದ್ದೆ. ಮೇಸ್ತ್ರಿ ಗರಗಸದ ಬ್ಲೇಡು ಹಚ್ಚಿ ಒಂದು ಸಲ ಎಳೆದ.

"ತಡಿಯಪ್ಪಾ," ಅಂದ ಅಣ್ಣ. "ಒಳಗ ತಗಡು ಐತಿ. ಎಣ್ಣಿ ಡಬ್ಬಿ ತಗಡು ಕತ್ತರಿಸಿ, ಪೈಪಿಗೆ ಸುತ್ತಿ, ಬಡದು ಕುಂದ್ರಿಸೀನಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದ. "ಈಕಿಗೆ ಇಳಿಸಾಕ ಬರಬಾರದಂತ ನಾನೇ ಮಾಡಿದ್ದು."

ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು, ಬ್ಲೇಡು ಕೆಳಗಿಟ್ಟು ಸಣ್ಣ ಉಳಿ ಹುಡುಕತೊಡಗಿದ. ನನಗೆ ಮಾತ್ರ ಕೆಟ್ಟ ಸಿಟ್ಟು ಬಂತು. ನಲವತ್ತೈದು ವರ್ಷ ನಾನು ನನ್ನ ಕಾಲೇ ಗಿಡ್ಡ, ಸೈಕಲ್ ನನ್ನಂಥವಳಿಗಲ್ಲ ಅಂತ ತಿಳಿದಿದ್ದೆ. ಈ ಮನುಷ್ಯ, ತನ್ನ ಸೈಕಲ್ ಹಾಳಾದರೂ ಸರಿ, ನನ್ನೆದುರು ಬಾಯಿ ಬಿಡಬಾರದು ಅಂತ ಎರಡು ದಿನ ಕೂತಿದ್ದ. ಯಾಕೆ ಮಾಡಿದೆ ಅಂತ ಕೇಳಿದೆ. ದಿನಾ ಸೀಟು ಏರಿಸಿ ಸಾಕಾಗಿತ್ತಂತೆ, ಇಳಿದ ಸೀಟು ನೋಡಿ ಗೆಳೆಯರು ನಗುತ್ತಿದ್ದರಂತೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮೇಸ್ತ್ರಿ ಪೈಪಿನ ಬಾಯಿಗೆ ಬೆಂಕಿ ತೋರಿಸಿ, ಉಳಿಯಿಂದ ತಗಡಿನ ಅಂಚು ಎಬ್ಬಿಸಿ, ಇಕ್ಕಳದಿಂದ ಎಳೆದ. ಅದು ಚೂರು ಚೂರಾಗಿ ಬಂತು. ಮುಕ್ಕಾಲು ಗಂಟೆ ಹಿಡಿಯಿತು. ಮತ್ತೆ ಸೈಕಲ್ ತಿರುಗಿಸಿದಾಗ ಕರ್ರ್ ಅಂತ ಸದ್ದಾಗಿ ಪೈಪು ಬಿಟ್ಟಿತು, ಒಳಗಿನಿಂದ ಕೆಂಪು ಪುಡಿ ಉದುರಿತು. ಉಜ್ಜಿ, ಗ್ರೀಸು ಹಚ್ಚಿ, ಅಣ್ಣನ ಕಾಲಿಗೆ ಅಳತೆ ಮಾಡಿ ಸೀಟು ಕೂರಿಸಿದ.

ಅಣ್ಣ ಸೈಕಲ್ಲನ್ನು ಓರೆ ಮಾಡಿ, ನನ್ನ ಹೆಗಲು ಹಿಡಿದು, ಕಾಲು ಆಚೆ ಹಾಕಿದ. ಎರಡೂ ಪಾದ ನೆಲಕ್ಕೆ ಊರಿದವು. ಆಮೇಲೆ ಪೆಡಲು ತುಳಿದ. ಅಂಗಡಿ ಸಾಲಿನ ಕೊನೆಯವರೆಗೆ ಹೋಗಿ ಬರುವಷ್ಟರಲ್ಲಿ ನಾನು ಸಿಟ್ಟು ಮರೆತು, ಎಲ್ಲಿ ಬೀಳುತ್ತಾನೋ ಅಂತ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಬೀಳಲಿಲ್ಲ. ಅವನ ಮುಖ ನೋಡಿ ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅವನು ಇಳಿದು ಸೈಕಲ್ಲಿಗೆ ಒರಗಿ ನಿಂತ.

"ನಾಕು ತಿಂಗಳು ಸೈಕಲ್ ಇಲ್ಲದ ನನಗ ತಡಿಯಾಕ ಆಗಲಿಲ್ಲ, ತಂಗೀ," ಅಂದ. "ನಿನಗ ನಲವತ್ತೈದು ವರ್ಷ ಬಿಡಿಸಿಬಿಟ್ಟೆ."

ಹೋಗಲಿ ಬಿಡು ಅನ್ನಬೇಕಿತ್ತೇನೋ, ಅನ್ನಲಿಲ್ಲ. ಮೇಸ್ತ್ರಿಯ ಕೈಯಿಂದ ಪಾನಾ ಇಸಿದುಕೊಂಡು, ನನ್ನ ಕಾಲಿನ ಅಳತೆಗೆ ಸೀಟನ್ನು ಇನ್ನೂ ಎರಡು ಬೆರಳು ಇಳಿಸಿದೆ.