ಇಪ್ಪತ್ತು ನಿಮಿಷದ ಕಾಲಸುಳಿ

ನಮ್ಮ ಮನೆಯ ಗೋಡೆಗಡಿಯಾರ ಇಪ್ಪತ್ತು ನಿಮಿಷ ತಪ್ಪು ತೋರಿಸುತ್ತದೆ. ಬಂದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ತಮ್ಮ ಮುಂಗೈ ನೋಡಿಕೊಳ್ಳುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. ಈ ಮೂರನೆಯ ನೋಟದಲ್ಲಿ ವಿಚಾರಣೆಗಿಂತ ಸಂತಾಪವೇ ಹೆಚ್ಚು. ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಬೋಧಿಸಿ, ಲೋಲಕದ ಆಂದೋಲನಾವಧಿಯನ್ನು ತಲೆಮಾರುಗಳ ತಲೆಗೆ ತುರುಕಿದ ಮನುಷ್ಯ ತನ್ನ ಮನೆಯ ಎರಡು ಮುಳ್ಳುಗಳನ್ನು ಸರಿಪಡಿಸಿಕೊಳ್ಳಲಾರನೇ ಎಂಬ ಸಂತಾಪ. ಸರಿಪಡಿಸಲು ಬಾರದೆ ಬಿಟ್ಟದ್ದಲ್ಲ. ಆ ತಪ್ಪನ್ನು ನಾನೇ ಕೈಯಾರೆ ಮಾಡಿದ್ದು, ಅದೂ ಎರಡು ಸಲ, ಎರಡು ದಿಕ್ಕಿನಲ್ಲಿ. ಅದನ್ನು ವಿವರಿಸಬೇಕಾದರೆ, ಓದುಗ ಮಿತ್ರರೇ, ನಿಮ್ಮನ್ನು ಸ್ವಲ್ಪ ದೂರ, ಅಂದರೆ ಅಂತರಿಕ್ಷದವರೆಗೆ, ಕರೆದೊಯ್ಯಬೇಕಾಗುತ್ತದೆ. ನಮ್ಮೂರು ಮೂಡಲಗಿಯ ಬಸ್ಸಿಗಿಂತ ಆ ಪ್ರಯಾಣ ಸುಖಕರ ಎಂಬ ಭರವಸೆಯನ್ನಷ್ಟೇ ಕೊಡಬಲ್ಲೆ.

ತೊಂಬತ್ತರ ದಶಕದಲ್ಲಿ ನನಗೊಂದು ವ್ಯಸನವಿತ್ತು. ತಂಬಾಕೋ ಇಸ್ಪೀಟೋ ಆಗಿದ್ದರೆ ಮನೆಯವರು ಬೈದಾದರೂ ಬಿಡಿಸುತ್ತಿದ್ದರು. ಇದು ಹಿಂದಿಗೆ ಡಬ್ಬಿಂಗ್ ಆಗಿ ಬರುತ್ತಿದ್ದ ಅಂತರಿಕ್ಷ ಸಿನಿಮಾಗಳ ವ್ಯಸನ. ಅದರಲ್ಲೂ ಕಾಲವು ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುವ ಕಥೆಗಳೆಂದರೆ ನನಗೆ ಹಸಿವು ನೀರಡಿಕೆಗಳ ಪರಿವೆಯೇ ಇರುತ್ತಿರಲಿಲ್ಲ. ನೌಕೆಯೊಂದು ಕೃಷ್ಣರಂಧ್ರದ ಅಂಚಿನಲ್ಲಿ ಹಾಯ್ದು, ಹೊರಡುವ ಮುನ್ನಾದಿನವೇ ಊರಿಗೆ ಮರಳಿಬಿಡುವುದು; ನಾಯಕ ತನ್ನನ್ನು ತಾನೇ ಎದುರುಗೊಂಡು, ನಮಸ್ಕಾರ ಹೇಳಬೇಕೋ ಗುಂಡು ಹಾರಿಸಬೇಕೋ ತಿಳಿಯದೆ ನಿಲ್ಲುವುದು; ತಪ್ಪಿಸಲು ಹೋದ ಅಪಘಾತಕ್ಕೆ ತಪ್ಪಿಸಲು ಹೋದದ್ದೇ ಕಾರಣವಾಗುವುದು. ಈ ಸುತ್ತಾಟಕ್ಕೆ ನಾನು ಕಾಲಸುಳಿ ಎಂದು ಹೆಸರಿಟ್ಟಿದ್ದೆ. ಮಳೆಗಾಲದ ಘಟಪ್ರಭೆಯಲ್ಲಿ ಸುಳಿಗೆ ಸಿಕ್ಕ ಕಡ್ಡಿ ಹೊತ್ತುಗಟ್ಟಲೆ ಅಲ್ಲಲ್ಲೇ ತಿರುಗುವುದನ್ನು ಸೇತುವೆಯ ಮೇಲೆ ನಿಂತು ನೋಡಿದವರಿಗೆ ಈ ಹೆಸರು ಒಪ್ಪಿಗೆಯಾದೀತು.

ವ್ಯಸನಕ್ಕೆ ಜೊತೆಗಾರ ಬೇಕಲ್ಲ. ನನಗೆ ಸಿಕ್ಕವರು ನಮ್ಮ ಶಾಲೆಯ ಗಣಿತದ ಮಾಸ್ತರರಾದ ಹುಕ್ಕೇರಿಯ ದುಂಡಪ್ಪನವರು. ಸಿನಿಮಾ ಮುಗಿದ ಮೇಲೆಯೇ ಅವರ ಸಿನಿಮಾ ಶುರುವಾಗುತ್ತಿತ್ತು. ಕಾಲಯಾನದ ಪ್ರಸಿದ್ಧ ವಿರೋಧಾಭಾಸವೊಂದಿದೆ: ಒಬ್ಬ ಹಿಂದಿನ ಕಾಲಕ್ಕೆ ಹೋಗಿ ತನ್ನ ಅಜ್ಜನನ್ನೇ ಕೊಂದರೆ, ಅವನು ಹುಟ್ಟುವುದು ಹೇಗೆ, ಹುಟ್ಟದಿದ್ದರೆ ಕೊಲ್ಲುವುದು ಹೇಗೆ? ನೀರನ್ನೂ ಸೋಸಿ ಕುಡಿಯುವ ಜೈನರ ಮನೆಯಲ್ಲಿ ಹುಟ್ಟಿದ ನಾನು ವಾದಕ್ಕಾದರೂ ಅಜ್ಜನನ್ನು ಕೊಲ್ಲಲು ಒಪ್ಪಲಿಲ್ಲ. ದುಂಡಪ್ಪನವರು ಉದಾರವಾಗಿ ಪ್ರಮೇಯವನ್ನೇ ತಿದ್ದಿ, "ಹೋಗ್ಲಿ ಬಿಡ್ರಿ, ಅಜ್ಜನ ಲಗ್ನಾ ತಪ್ಪಿಸ್ರಿ ಸಾಕು" ಎಂದರು. ಅಜ್ಜ ಬ್ರಹ್ಮಚಾರಿಯಾಗಿ ಉಳಿದ ಆ ಲೋಕದಲ್ಲಿ ನಾವಿಬ್ಬರೂ ಒಂದು ಇಡೀ ಸಹಾಮಾಹಿ, ಅಂದರೆ ಅರ್ಧವಾರ್ಷಿಕ, ಪರೀಕ್ಷೆಯ ಮೇಲ್ವಿಚಾರಣೆಯನ್ನು ಕಳೆದೆವು.

ಒಮ್ಮೆ ಅವ್ವನನ್ನೂ ಕರೆದುಕೊಂಡು ಹುಕ್ಕೇರಿಯ ಅವರ ಮನೆಗೆ ಹೋಗಿದ್ದಾಗ ಟೀವಿಯಲ್ಲಿ ಇಂಥದೇ ಒಂದು ನೌಕೆ ಕಗ್ಗತ್ತಲಲ್ಲಿ ಸಾಗುತ್ತಿತ್ತು. ಅವ್ವ ಬಹಳ ಹೊತ್ತು ನೋಡಿದಳು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಿಲ್ಲ. ಅವ್ವನಂತೂ ವ್ರತ ಹಿಡಿದವಳು, ಸೂರ್ಯಾಸ್ತದ ಬಳಿಕ ಹನಿ ನೀರನ್ನೂ ಒಲ್ಲಳು. ಅವಳಿಗೆ ಆ ಕಥೆಯಲ್ಲಿ ಒಂದೇ ಸಂಶಯ ಕಾಡಿತು.

"ಅಲ್ಲಿ ಹೊತ್ತ ಮುಣಗೂದು ಹೆಂಗ ಗೊತ್ತಾಗತೈತಿ? ಊಟಾ ಯಾವಾಗ ಮಾಡ್ತಾರ?"

ಭೂಮಿಯನ್ನು ಸುತ್ತುವ ನೌಕೆಯಾದರೆ ಒಂದೂವರೆ ತಾಸಿಗೊಮ್ಮೆ ಹೊತ್ತು ಮುಳುಗುತ್ತದೆಂದು ದುಂಡಪ್ಪನವರು ವಿವರಿಸಿದರು. ಅವ್ವ ಲೊಚಗುಟ್ಟಿ, "ಹಂಗಾದ್ರ ಬಾಯಾಗ ತುತ್ತ ಇಡೂದ್ರಾಗ ಮುಣಗೇ ಬಿಡತೈತಿ, ಪಾಪ" ಎಂದಳು. ನನಗೆ ತಿಳಿದಂತೆ ಗಗನಯಾತ್ರಿಗಳ ಬಗ್ಗೆ ಇಷ್ಟು ಮೂಲಭೂತವಾದ ಕಳಕಳಿಯನ್ನು ಯಾವ ವಿಜ್ಞಾನಿಯೂ ವ್ಯಕ್ತಪಡಿಸಿಲ್ಲ.

ಕಾಲ ತಿರುಗುತ್ತದೆ ಎಂಬುದು ಅವಳಿಗೆ ಹೊಸ ಸುದ್ದಿಯೇನಾಗಿರಲಿಲ್ಲ. ಇಳಿಯುವ ಆರು ಕಾಲ, ಏರುವ ಆರು ಕಾಲ, ನಾವಿರುವುದು ಇಳಿಯುವ ಪಂಚಮಕಾಲ, ಇಲ್ಲಿ ಎಲ್ಲವೂ ಕುಂದುವುದೇ ಸರಿ, ನನ್ನ ತಲೆಗೂದಲೂ ಸೇರಿ, ಎಂದು ಬಸದಿಯಲ್ಲಿ ಕೇಳಿ ಬೆಳೆದವಳು. ಆದರೆ ಸಿನಿಮಾದ ಕಾಲಕ್ಕೂ ತನ್ನ ಕಾಲಕ್ಕೂ ಇರುವ ಭೇದವನ್ನು ಅವಳು ಬಸ್ಸಿನಲ್ಲಿ ಮರಳುವಾಗ ಒಂದೇ ಮಾತಿನಲ್ಲಿ ಹೇಳಿದಳು: "ಕಾಲ ಹೊಳ್ಳಿ ಬರತೈತೆಪ್ಪಾ. ಹೋದ ಜೀವ ಬಂದ್ರೂ ಬ್ಯಾರೆ ಮನ್ಯಾಗ ಬರತೈತಿ, ನಿನ್ನ ಗುರುತಾ ಹಿಡಿಯೂದಿಲ್ಲ." ನಾನು ಆಗ ಕಿಟಕಿಯಾಚೆ ಕಬ್ಬು ನೋಡುತ್ತಿದ್ದೆ.

ಇನ್ನು ಗಡಿಯಾರದ ಮಾತು. ಮಳೆಗಾಲದಲ್ಲಿ ಮೋಡ ಕವಿದರೆ ಸೂರ್ಯ ಇದ್ದಾನೋ ಹೋದನೋ ತಿಳಿಯುವುದಿಲ್ಲ, ಗೋಡೆಯನ್ನೇ ನಂಬಬೇಕು. ಒಂದು ಶ್ರಾವಣದಲ್ಲಿ ಗಡಿಯಾರ ಹಿಂದೆ ಬಿದ್ದಿದ್ದು ಗೊತ್ತಾಗದೆ ಅವ್ವ ಹೊತ್ತು ಮುಳುಗಿದ ಮೇಲೆ ಎರಡು ತುತ್ತು ಉಂಡುಬಿಟ್ಟಳು. ಪಕ್ಕದ ಮನೆಯವರಿಂದ ಅದು ತಿಳಿದಾಗ ಮರುದಿನವೆಲ್ಲ ಉಪವಾಸ ಮಾಡಿ, ಗೋಡೆಯ ಕಡೆ ಮುಖಮಾಡಿ ಕುಳಿತಳು. ನನಗೆ ತಡೆಯಲಾಗಲಿಲ್ಲ. ಅಂದೇ ನಾನು ಸ್ಟೂಲು ಹತ್ತಿ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದಿಟ್ಟೆ. "ರೇಡಿಯೋದ ಟೈಮಿಗೆ ಕೂಡಿಸೇನಿ, ಇನ್ನ ಎಂದೂ ತಪ್ಪೂದಿಲ್ಲ" ಎಂದು ಸುಳ್ಳು ಹೇಳಿದೆ. ನಮ್ಮ ರೇಡಿಯೋ ಕೆಟ್ಟು ಅಟ್ಟ ಸೇರಿದ್ದರಿಂದ ಸಾಕ್ಷಿಯ ಭಯವಿರಲಿಲ್ಲ. ಮುಂಜಾನೆ ಹೊತ್ತು ಹುಟ್ಟಿದ ಮೇಲೂ ಅವಳು ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು, ಕಾಯುವವಳಾದ್ದರಿಂದ ಆ ಕಡೆಯಿಂದಲೂ ವ್ರತಕ್ಕೆ ಭಂಗವಿರಲಿಲ್ಲ. ಹೆಂಡತಿ ಸುಮತಿಗೆ ಮಾತ್ರ ಗುಟ್ಟು ಗೊತ್ತಿತ್ತು. ಆರು ವರ್ಷ ಅವ್ವ ಆ ಗಡಿಯಾರವನ್ನು ನಂಬಿ ನಿಶ್ಚಿಂತೆಯಿಂದ ಉಂಡಳು. ನಾನೊಬ್ಬ ದಕ್ಷ ಪುತ್ರನೆಂದು ಒಳಗೊಳಗೇ ಬೀಗಿದೆ.

ಏಳನೆಯ ವರ್ಷದ ಶ್ರಾವಣದಲ್ಲಿ ಅವ್ವನಿಗೆ ಉಬ್ಬಸ ಹೆಚ್ಚಾಯಿತು. ಘಟಪ್ರಭಾದ ಡಾಕ್ಟರು ಹೃದಯದ ಗುಳಿಗೆ ಬರೆದುಕೊಟ್ಟು, ಮುಂಜಾನೆ ಒಂದು, ಸಂಜೆ ಒಂದು, ಒಂದೂ ತಪ್ಪಬಾರದೆಂದು ಹೇಳಿ ಕಳಿಸಿದರು. ಒಂದು ಶುಕ್ರವಾರ ಗುಳಿಗೆ ತೀರಿದವು, ಮೂಡಲಗಿಯಲ್ಲಿ ಸಿಗಲಿಲ್ಲ. ಶನಿವಾರದ ಮುಂಜಾನೆಯ ಗುಳಿಗೆ ತಪ್ಪಿಯೇ ಹೋಯಿತು. ಆ ದಿನ ಮುಂಜಾನೆಯ ಶಾಲೆ. ಹನ್ನೆರಡಕ್ಕೆ ಗಂಟೆ ಹೊಡೆಯುತ್ತಲೇ ನಾನು ಗೋಕಾಕದ ಪೇಟೆಯಲ್ಲಿ ಗುಳಿಗೆ ಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡೆ. ಗುಳಿಗೆ ಸಿಕ್ಕಿತಲ್ಲ, ಸಂಜೆಯವರೆಗೆ ಕೊಟ್ಟರಾಯಿತು ಎಂಬ ನೆಮ್ಮದಿ. ದುಂಡಪ್ಪನವರು ಟಾಕೀಜಿನ ಮುಂದೆ ನಿಂತಿದ್ದರು.

ಆ ಸಿನಿಮಾದ ಕಥೆ ಇಷ್ಟೇ. ಒಬ್ಬ ನೌಕಾಧಿಪತಿಗೆ ತನ್ನದೇ ದನಿಯಲ್ಲಿ ಒಂದು ಸಂದೇಶ ಬರುತ್ತದೆ: ಮುಂದೆ ಅಪಾಯವಿದೆ, ಹಿಂತಿರುಗಿ. ಇದು ವೈರಿಗಳ ಮೋಸವೆಂದು ಬಗೆದ ಅವನು, ನನ್ನ ದನಿಯಲ್ಲಿ ಏನು ಬಂದರೂ ನಂಬಬೇಡಿ ಎಂದು ಎಲ್ಲರಿಗೂ ಆಜ್ಞೆ ಮಾಡುತ್ತಾನೆ. ನೌಕೆ ನಾಶವಾಗುತ್ತದೆ. ಬದುಕುಳಿದ ಅವನೊಬ್ಬ ಹಿಂದಿನ ಕಾಲಕ್ಕೆ ಹೋಗಿ, ಗಂಟಲು ಹರಿಯುವಂತೆ ಕೂಗಿ ತನ್ನವರನ್ನು ಎಚ್ಚರಿಸುತ್ತಾನೆ. ಯಾರೂ ನಂಬುವುದಿಲ್ಲ. ಮೂರು ಗಂಟೆಗೆ ಹೊರಗೆ ಬಂದೆವು, ಬಸ್ಸು ನಿಂತಿತ್ತು. ಆದರೆ ದುಂಡಪ್ಪನವರು, "ಮೊದಲ ಬಂದದ್ದು ಆಜ್ಞೆಯೋ ಸಂದೇಶವೋ? ಇಷ್ಟ ಹೇಳಿ ಬಸ್ ಹತ್ರಿ" ಎಂದರು. ಉತ್ತರ ಹುಡುಕಲು ಟಾಕೀಜಿನ ಕಡೆಗೇ ತಿರುಗಿದೆವು. ಗೇಟು ಕಾಯುವವನು ನನ್ನ ಹಳೆಯ ವಿದ್ಯಾರ್ಥಿ, ಮಾಸ್ತರರೆಂಬ ಭಕ್ತಿಯಿಂದ ಮತ್ತೆ ಒಳಗೆ ಬಿಟ್ಟ. ಮಧ್ಯಂತರದವರೆಗೆ ನೋಡಿ ಏಳುವುದೆಂದು ಕುಳಿತವರು ಮಧ್ಯಂತರದಲ್ಲಿ ಏಳಲಿಲ್ಲ. ನಾನು ಮೈ ಅಲುಗಿಸಿದಾಗಲೆಲ್ಲ ಜೇಬಿನ ಗುಳಿಗೆಪಟ್ಟಿ ಚರಚರ ಎನ್ನುತ್ತಿತ್ತು. ಅದನ್ನು ನಾನು ಕೇಳಿದೆ, ಇಲ್ಲವೆನ್ನುವುದಿಲ್ಲ.

ಮನೆ ಮುಟ್ಟಿದಾಗ ನನ್ನ ಕೈಗಡಿಯಾರದಲ್ಲಿ ಆರೂ ಮುಕ್ಕಾಲು. ಪಂಚಾಂಗದ ಪ್ರಕಾರ ಆ ದಿನದ ಸೂರ್ಯಾಸ್ತ ಆರು ಐವತ್ತೆಂಟಕ್ಕೆ. ಇನ್ನೂ ಹದಿಮೂರು ನಿಮಿಷವಿತ್ತು. ಗೋಡೆಯ ಗಡಿಯಾರದಲ್ಲಿ ಏಳು ದಾಟಿ ಐದು ನಿಮಿಷ. ಅವ್ವ ಅದರ ಕೆಳಗೆ ಮಂಚದ ಮೇಲೆ ಕಂಬಳಿ ಹೊದ್ದು, ಏದುಸಿರು ಬಿಡುತ್ತ ಕುಳಿತಿದ್ದಳು. ಸುಮತಿ ಕಾಯಿಸಿದ ನೀರನ್ನು ತಂಬಿಗೆಯಲ್ಲಿ ಮುಚ್ಚಿಟ್ಟಿದ್ದಳು. ನಾನು ಗುಳಿಗೆ ಬಿಡಿಸಿ ಅವ್ವನ ಅಂಗೈಗೆ ಹಾಕಿದೆ.

"ಹೊತ್ತ ಮುಣಗೇತಿ ತಮ್ಮಾ. ಮುಂಜಾನೆ ತಗೋತೇನಿ ತಗೋ."

"ಇಲ್ಲಬೇ ಅವ್ವಾ, ಇನ್ನೂ ಐತಿ. ಈ ಗಡಿಯಾರ ಮುಂದೈತಿ, ನಾನ ಮುಂದ ಇಟ್ಟೇನಿ."

ಅವ್ವ ಸಿಟ್ಟಾಗಲಿಲ್ಲ, ನಕ್ಕಳು. "ರೇಡಿಯೋಕ್ಕ ಕೂಡಿಸೇನಿ ಅಂತ ನೀನ ಹೇಳಿದ್ದಿ. ಈಗ ನನ್ನ ಸಲುವಾಗಿ ಸುಳ್ಳ ಹೇಳಾಕತ್ತೀಯೇನು?"

"ಖರೇನ ರಿ ಅತ್ತಿ, ಅವರು ಇಪ್ಪತ್ತ ನಿಮಿಷ ಮುಂದ ಇಟ್ಟಾರ್ರಿ" ಎಂದು ಸುಮತಿ ಕಣ್ಣೀರು ತಂದುಕೊಂಡಳು. ಗಂಡ ಹೆಂಡತಿ ಕೂಡಿಯೇ ಈ ಆಟ ಹೂಡಿದ್ದಾರೆಂದು ಅವ್ವನಿಗೆ ಇನ್ನಷ್ಟು ಖಾತ್ರಿಯಾಯಿತು. ನನ್ನ ಕೈಗಡಿಯಾರ ತೋರಿಸಿದರೆ ಅದನ್ನೂ ಆಟದಲ್ಲೇ ಸೇರಿಸಿದಳು. ನಾನು ಓಡಿ ಅಂಗಳಕ್ಕೆ ಹೋದೆ, ಸೂರ್ಯನನ್ನೇ ತೋರಿಸಿಬಿಡೋಣವೆಂದು. ಆಕಾಶ ಆ ಅಂಚಿನಿಂದ ಈ ಅಂಚಿಗೆ ಬೂದಿಬಣ್ಣ. ಸೂರ್ಯನಿಂದ ಬೆಳಕು ಭೂಮಿಗೆ ಬರಲು ಎಷ್ಟು ನಿಮಿಷ ಬೇಕೆಂದು ವರ್ಷವರ್ಷವೂ ಕಲಿಸಿದವನಿಗೆ ಹೆತ್ತವಳಿಗೆ ಸೂರ್ಯನನ್ನು ತೋರಿಸಲಾಗಲಿಲ್ಲ. ಕೊನೆಗೆ ಒಳಗೆ ಬಂದು ಸ್ಟೂಲು ಹತ್ತಿ, ಅವಳ ಕಣ್ಣೆದುರಿಗೇ ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಿ ಸರಿಯಾದ ಸಮಯಕ್ಕೆ ತಂದೆ. ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸ ಅದು, ಅದರಷ್ಟು ಸುಳ್ಳಾಗಿ ಕಂಡದ್ದು ಮತ್ತೊಂದಿಲ್ಲ.

"ಮುಳ್ಳ ತಿರುವಿದ್ರ ಹೊತ್ತ ತಿರಗತೈತೇನೋ, ಹುಚ್ಚಪ್ಪಾ?" ಎಂದಳು ಅವ್ವ.

ಹೀಗೆ ನಾವು ಹೌದು ಅಲ್ಲ ಎನ್ನುತ್ತಿದ್ದಂತೆಯೇ ಆ ಹದಿಮೂರು ನಿಮಿಷ ಕಳೆದು, ಹೊತ್ತು ನಿಜವಾಗಿಯೂ ಮುಳುಗಿತು. ಈಗ ಅವ್ವ ಹೇಳಿದ್ದೇ ಸತ್ಯವಾಗಿತ್ತು. ಇನ್ನು ಒತ್ತಾಯ ಮಾಡಿದ್ದರೆ ವ್ರತ ಮುರಿಯಬೇಕಾಗುತ್ತಿತ್ತು, ಅದಕ್ಕೆ ನನಗೆ ಬಾಯಿ ಬರಲಿಲ್ಲ. ಅವಳು ಗುಳಿಗೆಯನ್ನು ಗಡಿಯಾರದ ಕೆಳಗಿನ ಗೋಡೆಗೂಡಿನಲ್ಲಿಟ್ಟು ಮಲಗಿದಳು. ಮುಂಜಾನೆ ಹೊತ್ತು ಹುಟ್ಟುವ ಮೊದಲೇ ಹೋದಳು.

ಡಾಕ್ಟರು, "ಒಂದ ಗುಳಿಗಿಯಿಂದ ಉಳಿತಿದ್ರು ಅಂತ ಹೇಳಾಕ ಬರೂದಿಲ್ಲ, ಉಳಿತಿರಲಿಲ್ಲ ಅಂತಾನೂ ಹೇಳಾಕ ಬರೂದಿಲ್ಲ" ಎಂದರು. ಅವರು ಸತ್ಯವನ್ನೇ ಹೇಳಿದರು, ಸತ್ಯದಿಂದ ನನಗೇನೂ ಉಪಯೋಗವಾಗಲಿಲ್ಲ. ದುಂಡಪ್ಪನವರು ಬಂದು ಹೋದರು. ಆಮೇಲೆ ನಾವಿಬ್ಬರೂ ಅಜ್ಜಂದಿರ ಗೊಡವೆಗೆ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ, ಊರೂರಿಗೆ ಸೀಡಿ ಅಂಗಡಿಗಳು ಬಂದಾಗ, ಘಟಪ್ರಭಾದ ಸ್ಟೇಷನ್ನಿನ ಬಳಿ ಆ ಸಿನಿಮಾ ನನಗೆ ಸಿಕ್ಕಿತು. ಪ್ರತಿ ಶ್ರಾವಣದಲ್ಲಿ ಒಮ್ಮೆ ಹಾಕಿಕೊಂಡು ನೋಡುತ್ತೇನೆ. ಕಥೆಗಾಗಿ ಅಲ್ಲ. ನಾನು ಎದ್ದು ಹೋಗಬೇಕಾಗಿದ್ದ ಜಾಗ ಯಾವುದೆಂದು ಹುಡುಕುತ್ತೇನೆ. ಸೀಡಿಯಲ್ಲಿ ಮಧ್ಯಂತರವೇ ಇಲ್ಲ. ಒಂದು ದೃಶ್ಯ ಮುಗಿಯುತ್ತಲೇ ಇನ್ನೊಂದು ಹತ್ತಿಕೊಂಡು, ಏಳಲು ಎಲ್ಲಿಯೂ ಎಡೆ ಸಿಗುವುದಿಲ್ಲ. ಇಂಥ ಸಿನಿಮಾಗಳಲ್ಲಿ ಜನ ಕಾಲಸುಳಿಗೆ ಸಿಕ್ಕೆವಲ್ಲಾ, ಅದೇ ದಿನ ಮತ್ತೆ ಮತ್ತೆ ಬರುತ್ತದಲ್ಲಾ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಅವರ ಅದೃಷ್ಟ ಕಂಡು ನನಗೆ ಹೊಟ್ಟೆಯುರಿಯುತ್ತದೆ. ನನಗೆ ಆ ಶನಿವಾರ ಇನ್ನೊಂದೇ ಒಂದು ಸಲ ಬಂದಿದ್ದರೆ ಸಾಕಾಗಿತ್ತು. ಅದು ಬರುವುದಿಲ್ಲ, ಬಂದರೂ ಟಾಕೀಜಿನ ಮುಂದೆ ದುಂಡಪ್ಪನವರು ನಿಂತಿರುತ್ತಾರೆ, ನಾನು ಒಳಗೇ ಹೋಗುತ್ತೇನೆ. ನನ್ನನ್ನು ನಾನು ಬಲ್ಲೆ.

ಅವ್ವ ಹೋದ ಮೇಲೆ ಗಡಿಯಾರ ಬಹುಕಾಲ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು, ಅಂದು ನಾನು ತಿರುಗಿಸಿಟ್ಟ ಸಮಯವನ್ನು. ಒಂದು ದಿನ ಸೆಲ್ ಬದಲಿಸಲು ಸ್ಟೂಲು ಹತ್ತಿದವನ ಕೈ ಮುಳ್ಳಿನ ಮೇಲೆ ನಿಂತಿತು. ಇಪ್ಪತ್ತು ನಿಮಿಷ ಹಿಂದಕ್ಕಿಟ್ಟು ಇಳಿದೆ. ಸುಮತಿ ಬಾಗಿಲಲ್ಲಿ ನಿಂತು ನೋಡಿದಳು. ಈಗ ಬಂದವರು ಗೋಡೆ ನೋಡಿ, ಮುಂಗೈ ನೋಡಿ, "ಮಾಸ್ತರ, ನಿಮ್ಮ ಗಡಿಯಾರ ಹಿಂದ ಬಿದ್ದೈತಿ ನೋಡ್ರಿ" ಎನ್ನುತ್ತಾರೆ. ಹೌದ್ರಿ, ಎನ್ನುತ್ತೇನೆ.

ಶ್ರಾವಣದ ಮೋಡದ ಸಂಜೆ, ಕೈಗಡಿಯಾರದಲ್ಲಿ ಆರು ಐವತ್ತೆಂಟಾದಾಗ, ಗೋಡೆಯ ಪ್ರಕಾರ ಹೊತ್ತು ಮುಳುಗಲು ಇನ್ನೂ ಇಪ್ಪತ್ತು ನಿಮಿಷವಿರುತ್ತದೆ. ತಂಬಿಗೆಯಲ್ಲಿ ಕಾಯಿಸಿದ ನೀರು ತಂದು ಮಂಚದ ಬದಿಗಿಟ್ಟು ಕುಳಿತಿರುತ್ತೇನೆ. ನೀರು ಆರುತ್ತದೆ.