ಬಾಗಿಯ ಮಳಿಚಿಪ್ಪು

ಮೊದಲೇ ಹೇಳಿಬಿಡುತ್ತೇನೆ, ಬಾಗಿಯಕ್ಕನ ವಿರುದ್ಧ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಬೈಂದೂರಿನ ಒಳಭಾಗದ ಕುಂಟಾಲಜೆಡ್ಡು ಎಂಬ ಎಂಟು ಮನೆಗಳ ಊರಲ್ಲಿ ನಾನು ಅಂಗನವಾಡಿ ಟೀಚರು. ಅಂಗನವಾಡಿಯ ಬೆನ್ನಿಗೇ ಎಂಟೂ ಮನೆಯವರ ನಾಗಬನ. ಅಲ್ಲಿಂದ ಎರಡು ಸಲ ಹಾವು ಬಂದು ಮಕ್ಕಳ ಚಾಪೆಯ ಮೇಲೆ ಸುರುಳಿ ಸುತ್ತಿ ಮಲಗಿತ್ತು. ನಾಗನ ಮೇಲೆ ಭಕ್ತಿ ಬೇರೆ, ಮಕ್ಕಳ ಚಾಪೆಯ ಮೇಲೆ ಹಾವು ಬೇರೆ, ಅಲ್ಲವೇ? ಹಾಗಾಗಿ ೨೦೦೫ರ ನಾಗರಪಂಚಮಿ ಕಳೆದ ಮರುವಾರ, ಜೆಸಿಬಿ ತಂದು ಬನ ಸಪಾಟು ಮಾಡಿ ಕಾಂಕ್ರೀಟ್ ಕಟ್ಟೆ ಕಟ್ಟೋಣ ಎಂದು ಬನದ ಸಮಿತಿಯ ಅಧ್ಯಕ್ಷ ಪ್ರೇಮಾನಂದಣ್ಣ ತಮ್ಮ ಜಗಲಿಯ ಸಭೆಯಲ್ಲಿ ಹೇಳಿದಾಗ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

"ಅದ್ರಂಗೆ ಈಗ ಎಂತ ಇತ್ತ್ ಮಾರ್ರೆ? ಬರೀ ಅಕೇಶಿಯಾ. ನಾಗಂಗೂ ಕೂಕಂಬುಕೆ ಜಾಗ ಇಲ್ಲೆ," ಎಂದರು ಅವರು.

ಕೈ ಎತ್ತದೆ ಎದ್ದು ನಿಂತವಳು ಬಾಗಿಯಕ್ಕ ಒಬ್ಬಳೇ. ಗಂಡನಿಲ್ಲದ, ಕೂಲಿ ಮಾಡಿ ಬದುಕಿದ, ಕಡ್ಡಿಯಂತಹ ಹೆಂಗಸು.

"ಅಕೇಶಿಯಾ ಬ್ಯಾಡ ಅಂದ್ರೆ ಅಕೇಶಿಯಾ ಕೀಳ್ಕ್. ಬನ ಎಂತಕೆ ಕೀಳುದ್?"

"ಬನಕ್ಕೆ ಕಬ್ಬಿಣ ಮುಟ್ಸೂಕಾಗ. ಕತ್ತಿ ಹಿಡ್ಕಂಡ್ ಒಳ್ಗ್ ಹೋತ್ಯಾ ನೀನ್?" ಎಂದರು ಪ್ರೇಮಾನಂದಣ್ಣ.

"ನಿಮ್ಮ ಜೆಸಿಬಿ ಎಂತ, ಬಾಳಿದಿಂಡಂಗೆ ಮಾಡದ್ದಾ?"

ಜಗಲಿಯ ತುಂಬ ನಗು. ಪ್ರೇಮಾನಂದಣ್ಣನ ಮುಖ ಕೆಂಪಾಯಿತು. ಜೆಸಿಬಿಗಾದರೆ ಶುದ್ಧಿ ಮಾಡಿಸಬಹುದು, ಹೆಂಗಸು ದಿನಾ ಬನಕ್ಕೆ ನುಗ್ಗಿದರೆ ಮೈಲಿಗೆಗೆ ಯಾರು ಹೊಣೆ ಎಂದು ಕೇಳಿದರು.

"ನಂಗೆ ಐವತ್ತೈದ್ ಆಯ್ತ್. ನೀವ್ ಹೇಳು ಮೈಲ್ಗಿ ಮುಗ್ದ್ ಕಾಲ ಆಯ್ತ್. ಗೊತ್ತಿಲ್ದಿದ್ರೆ ನಿಮ್ಮ ಹೆಂಡ್ತಿ ಹತ್ರ ಕೇಣಿ!"

ಅವರಿಗೆ ಹಟ ಹುಟ್ಟಿತು. ಮುಂದಿನ ನಾಗರಪಂಚಮಿಯ ಮುನ್ನಾದಿನ ಬನದಲ್ಲಿ ಒಂದೇ ಒಂದು ಅಕೇಶಿಯಾ ನಿಂತಿದ್ದರೂ ಜೆಸಿಬಿ ಬರುತ್ತದೆ, ಅಲ್ಲಿಯತನಕ ಕಬ್ಬಿಣ ಮುಟ್ಟಿಸಿದರೆ ಅಂದೇ ಬರುತ್ತದೆ ಎಂದರು. "ಆಯ್ತ್," ಎಂದು ಬಾಗಿಯಕ್ಕ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಇವಳಿಗೆ ತಲೆ ಕೆಟ್ಟಿದೆ ಎಂದು ನಾನೂ ಅಂದುಕೊಂಡೆ.

ಅವಳ ಸಂಕಟ ನನಗೆ ತಿಳಿದದ್ದು ಆಮೇಲೆ. ಬನದ ನಡುವೆ ಒಂದು ಸುರಗಿ ಮರವಿದೆ. ಮಾರ್ಚಿನಲ್ಲಿ ಅದರ ಮೊಗ್ಗು ಆಯ್ದು, ಸರ ಮಾಡಿ, ಕೊಲ್ಲೂರಿಗೆ ಒಯ್ದು ಮಾರುವುದು ಅವಳ ಅಮ್ಮನ ಕಾಲದಿಂದ ನಡೆದುಬಂದದ್ದು. ೧೯೯೭ರಲ್ಲಿ ಮೊದಲ ಸಲ ಸುರಗಿ ಹೂ ಬಿಡಲಿಲ್ಲ. ಸುತ್ತ ಅಕೇಶಿಯಾ ಎದ್ದು ಬಿಸಿಲು ನುಂಗಿತ್ತು. ಬುಡದಲ್ಲಿ ಕೇಪಳವಿಲ್ಲ, ಚಳ್ಳೆ ಹಣ್ಣಿಲ್ಲ, ಹಣ್ಣಿಲ್ಲದ ಮೇಲೆ ಹಕ್ಕಿಯೂ ಇಲ್ಲ. ಒಣಗಿದ ಎಲೆ ಹಟ್ಟಿಗೆ ಹಾಕಿದರೆ ಗೊಬ್ಬರವಾಗದ ದರಿದ್ರ ಮರ ಅದು! ಅದರ ಬೀಜ ಬಂದದ್ದು ಮೇಲಿನ ಗುಡ್ಡೆಯಿಂದ. ಆ ಗುಡ್ಡೆಗೆ ಸಸಿ ನೆಟ್ಟವರ ಕೂಲಿ ಗುಂಪಿನಲ್ಲಿ ಬಾಗಿಯಕ್ಕನೂ ಇದ್ದಳು.

"ದಿನಕ್ಕೆ ಮುನ್ನೂರ್ ನೆಟ್ಟಿದೆ ವನಜ. ನಗಾಡ್ತಾ ನೆಟ್ಟಿದೆ," ಎಂದಳು ಒಮ್ಮೆ ನನಗೆ. ಅವಳಿಗೆ ನಾಚಿಕೆಯಾಗುತ್ತಿತ್ತು. ನನಗೂ ಆಯಿತು, ಬೇರೆ ಕಾರಣಕ್ಕೆ.

ಮಳೆಗಾಲ ಮುಗಿಯುವತನಕ ಸಸಿಗಳನ್ನು ಕೈಯಲ್ಲೇ ಕಿತ್ತಳು. ಮಣ್ಣು ಒದ್ದೆಯಿದ್ದಾಗ ಬುಡ ಹಿಡಿದು ತಿರುಚಿ ಎಳೆದರೆ ಬೇರು ಪೂರ್ತಿ ಬರುತ್ತದೆ, ತುಂಡಾದರೆ ಮತ್ತೆ ಚಿಗುರುತ್ತದೆ. ಉಳಿದವು ತೊಡೆಗಾತ್ರದ ಹದಿಮೂರು ಮರ. ಅವುಗಳಿಗೇನು ಮಾಡುತ್ತಾಳೆ ನೋಡೋಣ ಎಂದು ಊರು ಕಾದಿತ್ತು. ಬಾಗಿಯಕ್ಕ ಗಂಗೊಳ್ಳಿಗೆ ಹೋಗಿ ಒಂದು ಚೀಲ ಮಳಿಚಿಪ್ಪು ಹೊತ್ತು ತಂದಳು. ಮಳಿಯೆಂಬ ಹೊಳೆಯ ಕಪ್ಪೆಚಿಪ್ಪಿನ ಮಾಂಸ ತಿಂದು ಎಸೆಯುವ ಚಿಪ್ಪು, ಅಂಚು ಬ್ಲೇಡಿನಂತೆ ಹರಿತ. ಅದರಲ್ಲಿ ಮರದ ಸುತ್ತ ಒಂದು ಗೇಣು ಅಗಲಕ್ಕೆ ತೊಗಟೆ ಹೆರೆದಳು. ಒಂದು ಮರಕ್ಕೆ ನಾಲ್ಕು ದಿನ, ಇಪ್ಪತ್ತು ಚಿಪ್ಪು. ಬೆರಳೆಲ್ಲ ಗಾಯ. ಅಂಗನವಾಡಿಯ ಟಿಂಚರು ಹಚ್ಚಲು ಹೋದರೆ, "ಅದನ್ನ ಮಕ್ಳಿಗ್ ಇಡ್," ಎಂದು ನನ್ನನ್ನೇ ಗದರಿದಳು. ಮೇ ತಿಂಗಳಿಗೆ ಹದಿಮೂರೂ ಒಣಗಿ ನಿಂತವು.

ನಾಗರಪಂಚಮಿಯ ಮುನ್ನಾದಿನ ಜಿಟಿಜಿಟಿ ಮಳೆ. ಪ್ರೇಮಾನಂದಣ್ಣ ಛತ್ರಿ ಹಿಡಿದು ಬಂದರು, ಹಿಂದೆಯೇ ಜೆಸಿಬಿ.

"ಒಂದೂ ನಿಂತಿರೂಕಾಗ ಅಂದಿದ್ದೆ. ಹದ್ಮೂರ್ ನಿಂತ್ಕಂಡಿತ್!"

"ಅದ್ ಹೆಣ. ಹೆಣ ಎತ್ತುಕೆ ಜೆಸಿಬಿ ಎಂತಕೆ, ನಾಕ್ ಜನ ಸಾಕ್."

ತೆಂಗಿನ ನಾರಿನ ಹಗ್ಗ ತಂದಿದ್ದಳು. ಒಂದು ಮರಕ್ಕೆ ಕಟ್ಟಿ ಒಬ್ಬಳೇ ಎಳೆದಳು. ಮರ ಅಲುಗಲಿಲ್ಲ. ಎಂಟು ಮನೆಯವರು ರಸ್ತೆಯಲ್ಲಿ ಸುಮ್ಮನೆ ನಿಂತಿದ್ದೆವು. ಕಾಲು ಜಾರಿ ಅವಳು ಕೆಸರಿನಲ್ಲಿ ಬಿದ್ದಾಗ ಪ್ರೇಮಾನಂದಣ್ಣ ನಕ್ಕರು ನೋಡಿ, ನನ್ನ ಮೈ ಉರಿದುಹೋಯಿತು. ಥೂ, ಇದೊಂದು ನಗುವೇ! ಓಡಿಹೋಗಿ ಹಗ್ಗ ಹಿಡಿದೆ. ನನ್ನ ಹಿಂದೆ ಪಕ್ಕದ ಮನೆಯ ಪ್ರಭಾವತಿ, ಅವಳ ಗಂಡ, ಆಮೇಲೆ ಯಾರ್ಯಾರೋ. ಕೊನೆಗೆ ಜೆಸಿಬಿ ಡ್ರೈವರ್ ಉಮಾನಾಥನೇ ಗಾಡಿ ಆಫ್ ಮಾಡಿ, "ಕೂತ್ ಕೂತ್ ಬೇಜಾರ್ ಬಂತ್ ಮಾರ್ರೆ," ಎನ್ನುತ್ತ ಇಳಿದು ಬಂದ. ಸಂಜೆಯೊಳಗೆ ಹನ್ನೆರಡು ಮರ ಬಿದ್ದವು. ಹದಿಮೂರನೆಯದು ಸುರಗಿಯ ಕೊಂಬೆಗೆ ಒರಗಿತ್ತು. ಎಳೆದರೆ ಸುರಗಿ ಮುರಿಯುತ್ತದೆಂದು ಬಾಗಿಯಕ್ಕ ಅದನ್ನು ಎಳೆಯಲು ಬಿಡಲಿಲ್ಲ.

"ಒಂದ್ ಉಳೀತ್," ಎಂದರು ಪ್ರೇಮಾನಂದಣ್ಣ. ಊರಿಗೆ ಊರೇ ಗೊಳ್ಳೆಂದು ನಕ್ಕಿತು. ಅವರು ಒಬ್ಬರೇ ಮನೆಗೆ ಹೋದರು.

೨೦೧೦ರಲ್ಲಿ ಸುರಗಿ ಮತ್ತೆ ಹೂ ಬಿಟ್ಟಿತು. ಮೊದಲ ಸರವನ್ನು ಬಾಗಿಯಕ್ಕ ಪ್ರೇಮಾನಂದಣ್ಣನ ಹೆಂಡತಿಗೆ ಕಳಿಸಿದಳು. ಅದು ಪ್ರೀತಿಯೋ ಕೊಬ್ಬೋ, ನಾನು ಕೇಳಲಿಲ್ಲ. ಹಾವು ಈಗಲೂ ಇವೆ. ನಾನು ಅಂಗನವಾಡಿಯ ಬಾಗಿಲಿಗೆ ಬಲೆ ಹಾಕಿಸಿಕೊಂಡೆ. ಅಷ್ಟು ಸುಲಭದ ಕೆಲಸ ನನಗೆ ಮೊದಲೇ ಹೊಳೆದಿರಲಿಲ್ಲ.

ಆದರೆ ಮಣ್ಣಿನೊಳಗೆ ಬಿದ್ದ ಬೀಜ ಸುಮ್ಮನಿರುತ್ತದೆಯೇ? ಪ್ರತಿ ಜೂನಿನಲ್ಲಿ ಅಕೇಶಿಯಾ ಸಸಿ ಮತ್ತೆ ಸಾವಿರಗಟ್ಟಲೆ ಏಳುತ್ತದೆ. ಈ ವರ್ಷ, ೨೦೧೩ರಲ್ಲೂ ಎದ್ದಿದೆ. ಬಾಗಿಯಕ್ಕನಿಗೆ ಮಂಡಿ ಬಗ್ಗುವುದಿಲ್ಲ, ಮಣೆಯ ಮೇಲೆ ಕುಳಿತು ಸರಿಯುತ್ತ ಕೀಳುತ್ತಾಳೆ. ನಿನ್ನೆ ಆ ದಾರಿಯಲ್ಲಿ ಬಂದ ಪ್ರೇಮಾನಂದಣ್ಣ ನಿಂತರು.

"ಎಂಟ್ ವರ್ಷ ಆಯ್ತ್. ಮುಗೂದಲ್ಲ ಇದ್. ವರ್ಷವೂ ಬತ್ತ್ ಕಾಣ್."

"ಬರ್ಲಿ. ನಾನೂ ಬತ್ತೆ," ಎಂದಳು ತಲೆ ಎತ್ತದೆ. ಆಮೇಲೆ ಬೇಲಿಯಾಚೆ ನಿಂತಿದ್ದ ನನ್ನನ್ನು ಕಂಡಳು.

"ಹ್ವಾಯ್ ವನಜ! ನಿಂತ್ಕಂಡ್ ಎಂತ ಕಾಂತೆ? ಅವತ್ತ್ ಎತ್ತಿದ್ ಕೈ ಅಲ್ದಾ? ಹಾಕ್ ಈಗ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.